ಸ್ಯಾಂಕಿ ಎಂಬ ಹೆಸರಿನ ಮೂಲ ಹುಡುಕಲು: ಲಾಂಛನದ ಫ್ರೇಮು, ಉಚಿತ ದಾಖಲೆ, ಹಳೆಯ ನಿಘಂಟು

ಇಂಗ್ಲಿಷ್ ಸರ್‌ನೇಮ್ ಒಂದರ ಮೂಲ ತಿಳಿಯಬೇಕು ಅಂತಿದ್ದರೆ ಹಳೆಯ ಸರ್‌ನೇಮ್ ನಿಘಂಟು ಕೊಳ್ಳಿ. ಮೂರು ದಾರಿಗಳನ್ನೂ ನೋಡಿದ ಮೇಲೆ ಹೇಳುತ್ತಿದ್ದೇನೆ. ಉಳಿದ ಎರಡರಲ್ಲಿ ಒಂದು ಗೋಡೆಗೆ ಚೆಂದ, ಇನ್ನೊಂದು ಮುಂದಿನ ಹಂತಕ್ಕೆ ಒಳ್ಳೆಯದು. ಶುರು ಮಾಡಬೇಕಾದದ್ದು ಮಾತ್ರ ಪುಸ್ತಕದಿಂದಲೇ.

ನಾನು ಹಿಡಿದ ಹೆಸರು ಸ್ಯಾಂಕಿ. ಬೆಂಗಳೂರಿನವರಿಗೆ ಇದು ಸದಾಶಿವನಗರದ ಪಕ್ಕದ ಕೆರೆ. 1882ರಲ್ಲಿ ಅದನ್ನು ಕಟ್ಟಿಸಿದವರು ರಿಚರ್ಡ್ ಹೈರಮ್ ಸ್ಯಾಂಕಿ. ಅಠಾರ ಕಚೇರಿ ಕಟ್ಟಿಸಿದ್ದೂ ಇದೇ ಎಂಜಿನಿಯರ್. ಅಕ್ಕನ ಮಗ ಈಗ ಇಂಗ್ಲೆಂಡಿನ ವಾರಿಂಗ್ಟನ್ ಊರಲ್ಲಿದ್ದಾನೆ, ಮನೆ ಇರುವುದು ಗ್ರೇಟ್ ಸ್ಯಾಂಕಿ ಅನ್ನುವ ಬಡಾವಣೆಯಲ್ಲಿ. "ಮಾವ, ಇಲ್ಲಿ ಎಲ್ಲ ಬೋರ್ಡಿನ ಮೇಲೂ ನಿಮ್ಮ ಕೆರೆ ಹೆಸರೇ" ಅಂತ ಫೋನ್ ಮಾಡಿದ. ಊರಿಗೆ ಬರುವಾಗ ನನಗೋಸ್ಕರ ಒಂದು ಉಡುಗೊರೆಯನ್ನೂ ತಂದ. ಸ್ಯಾಂಕಿ ಮನೆತನದ ಇತಿಹಾಸ, ಮೇಲೆ ಬಣ್ಣದ ಲಾಂಛನ, ಸುತ್ತ ಮರದ ಫ್ರೇಮು.

ನೋಡೋಕೆ ನಿಜಕ್ಕೂ ಚೆನ್ನಾಗಿದೆ. ದಪ್ಪ ಕಾಗದ, ಹಳೆಯ ಕಾಲದ ಅಕ್ಷರ. ಆದರೆ ಬರೆದದ್ದನ್ನು ಓದಿದರೆ ಬೇಜಾರಾಗುತ್ತದೆ. ಸ್ಯಾಂಕಿ ಅಂದರೆ ಮರಳಿನ ದ್ವೀಪವಂತೆ, ಆಂಗ್ಲೋ-ಸ್ಯಾಕ್ಸನ್ ಮಾತಂತೆ. ಅದಕ್ಕೆ ಆಧಾರವಾಗಿ ಒಂದು ಇಸವಿ ಇಲ್ಲ, ಒಂದು ದಾಖಲೆ ಇಲ್ಲ, ಒಬ್ಬ ಮನುಷ್ಯನ ಹೆಸರಿಲ್ಲ. ಇವತ್ತಿನ ಕಾಗುಣಿತ ನೋಡಿ ಯಾರೋ ಅರ್ಥ ಕಟ್ಟಿದ್ದಾರೆ, ಅಷ್ಟೇ.

ಲಾಂಛನದ ವಿಷಯ ಇನ್ನೂ ಕಷ್ಟ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವ ಅಧಿಕಾರ ಇರುವುದು 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್‌ಗೆ. ಅದು ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಅವನ ಗಂಡುಸಂತತಿಗೆ ಅದು ಇಳಿದು ಬರುತ್ತದೆ. ಒಂದು ಸರ್‌ನೇಮಿಗೆ ಒಂದು ಲಾಂಛನ ಅನ್ನುವ ಪದ್ಧತಿಯೇ ಅಲ್ಲಿಲ್ಲ. ಒಂದೇ ಹೆಸರಿನ, ಸಂಬಂಧವೇ ಇಲ್ಲದ ಹತ್ತಾರು ಕುಟುಂಬ ಇರಬಹುದು, ಅಲ್ವಾ? ಹಾಗಾಗಿ ಸ್ಯಾಂಕಿ ಅಂತ ಹೆಸರಿರುವ ಎಲ್ಲರಿಗೂ ಇದೇ ಲಾಂಛನ ಅಂತ ಮಾರುವುದು ತಪ್ಪು.

ಎರಡನೆಯ ದಾರಿ, ನೆಟ್‌ನಲ್ಲಿರುವ ಉಚಿತ ದಾಖಲೆಗಳು. ನಾನು ಜಾಸ್ತಿ ಕೂತದ್ದು ಫ್ರೀಬಿಎಂಡಿಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈನಿಂದ ಸರ್ಕಾರ ಬರೆದಿಟ್ಟ ಹುಟ್ಟು, ಮದುವೆ, ಸಾವುಗಳ ಸೂಚಿಯನ್ನು ಸ್ವಯಂಸೇವಕರು ಒಂದೊಂದೇ ಸಾಲು ಟೈಪ್ ಮಾಡಿ ಹಾಕಿದ್ದಾರೆ. ದೊಡ್ಡ ಕೆಲಸ. ಒಂದು ಪೈಸೆ ಕೇಳುವುದಿಲ್ಲ.

ನನ್ನನ್ನು ಗೋಳು ಹೊಯ್ದುಕೊಂಡದ್ದು ಕಾಗುಣಿತ. ಹಳೆಯ ಗುಮಾಸ್ತರು, ಪಾದ್ರಿಗಳು ಕಿವಿಗೆ ಬಿದ್ದ ಹಾಗೆ ಬರೆದವರು. ಒಂದೇ ಹೆಸರು ಕೊನೆಯ ಅಕ್ಷರ ಬಿಟ್ಟೋ ಸೇರಿಸಿಯೋ ಬರುತ್ತದೆ. ಅದಕ್ಕೇ ಇಲ್ಲಿ ಉಚ್ಚಾರ ಹೋಲುವ ಹೆಸರುಗಳನ್ನೂ ಹುಡುಕುವ ಒಂದು ಆಯ್ಕೆ ಇದೆ. ಅದರ ಹಿಂದಿರುವುದು ಸೌಂಡೆಕ್ಸ್ ಅನ್ನುವ ಲೆಕ್ಕ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತದೆ. ಸ್ವರಗಳನ್ನು ಬಿಡುತ್ತದೆ. ಉಳಿದ ವ್ಯಂಜನಗಳಿಗೆ ಗುಂಪು ಗುಂಪಾಗಿ ಒಂದೊಂದು ಅಂಕಿ ಕೊಡುತ್ತದೆ. ಸ್ಯಾಂಕಿಗೆ ಬರುವ ಸಂಕೇತ ಎಸ್520.

ಈಗ ಕಷ್ಟ ಕೇಳಿ. ಸಿಮ್ಸ್ ಅನ್ನುವ ಹೆಸರಿಗೂ ಎಸ್520. ಸ್ನೂಕ್‌ಗೂ ಅದೇ. ಶ್ಯಾಂಕ್ಸ್‌ಗೂ ಅದೇ. ಲೆಕ್ಕದಲ್ಲಿ ನ ಮತ್ತು ಮ ಒಂದೇ ಗುಂಪು, ಕ ಮತ್ತು ಸ ಇನ್ನೊಂದು ಗುಂಪು. ಇಂಗ್ಲೆಂಡಿನಲ್ಲಿ ಸಿಮ್ಸ್‌ಗಳಿಗೇನು ಬರವೇ? ಆ ಆಯ್ಕೆ ಒತ್ತಿದರೆ ಪರದೆ ತುಂಬ ಅವರೇ. ನಡುವೆ ಸ್ಯಾಂಕಿಗಳನ್ನು ಹೆಕ್ಕುತ್ತಾ ಕೂರಬೇಕು.

ಅಷ್ಟಾದರೂ ಬೇಕಾದವರು ಬಂದರೆ ಸಹಿಸಬಹುದು. ಬರುವುದಿಲ್ಲ. 17ನೇ ಶತಮಾನದಲ್ಲಿ, ಇಂಗ್ಲೆಂಡಿನ ದೊರೆಯ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನ ದಂಡಿನಲ್ಲಿ ಹಿರೋಮ್ ಸ್ಯಾಂಕಿ ಅನ್ನುವ ಅಧಿಕಾರಿ ಇದ್ದ. ಐರ್ಲೆಂಡಿನ ಜಮೀನು ಅಳೆದು ಹಂಚುವ ಕೆಲಸದ ವಿಚಾರವಾಗಿ, ಆ ಅಳತೆ ಮಾಡಿಸಿದ ವಿಲಿಯಂ ಪೆಟ್ಟಿಯ ಮೇಲೆ ಪಾರ್ಲಿಮೆಂಟಿನಲ್ಲಿ ಆರೋಪ ಹೊರಿಸಿದವನು ಇವನೇ. ಪೆಟ್ಟಿಯನ್ನು ದ್ವಂದ್ವಯುದ್ಧಕ್ಕೂ ಕರೆದ. ಪೆಟ್ಟಿ ಅನ್ನುವ ಆ ಮನುಷ್ಯನಿಗೆ ದೂರದ ದೃಷ್ಟಿ ಮಂದ. ಸವಾಲು ಬಂದದ್ದು ಅವನಿಗೆ, ಹಾಗಾಗಿ ಜಾಗ, ಆಯುಧ ಆರಿಸುವ ಹಕ್ಕು ಅವನದು. ಕತ್ತಲೆಯ ನೆಲಮಾಳಿಗೆ ಆಗಬೇಕು, ಬಡಗಿಯ ದೊಡ್ಡ ಕೊಡಲಿಯೇ ಆಗಬೇಕು ಅಂದನಂತೆ. ಅಲ್ಲಿಗೆ ಸ್ಯಾಂಕಿಯ ಸವಾಲು ನಗೆಪಾಟಲಾಯಿತು ಅಂತ ಆ ಕಾಲದ ಜೀವನಚರಿತ್ರೆಕಾರ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಈ ಹಿರೋಮನ ಹೆಸರು ಹಳೆಯ ಬರಹಗಳಲ್ಲಿ ಸ್ಯಾಂಚಿ ಅಂತಲೂ ಇದೆ, ಝಾಂಕಿ ಅಂತಲೂ ಇದೆ. ಸ್ಯಾಂಚಿ ಎಸ್520ರಲ್ಲೇ ಸಿಕ್ಕಿಬೀಳುತ್ತದೆ. ಝಾಂಕಿ ಬೀಳುವುದಿಲ್ಲ. ಮೊದಲ ಅಕ್ಷರ ಝಡ್ ಆದ ಕೂಡಲೇ ಸಂಕೇತ ಝಡ್520 ಆಗಿಬಿಡುತ್ತದೆ. ಸೌಂಡೆಕ್ಸ್ ಬಳಸುವ ಯಾವ ಸೈಟಿನಲ್ಲೂ ಹೀಗೇ. ಸಂಬಂಧವಿಲ್ಲದ ಸಿಮ್ಸ್ ಒಳಗೆ, ಅದೇ ಹೆಸರಿನ ಇನ್ನೊಂದು ರೂಪ ಹೊರಗೆ. ಝಡ್ ಹಾಕಿ ಬೇರೆಯಾಗಿ ಹುಡುಕಬೇಕು. ಹಾಗೆ ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಅದನ್ನು ಯಾವ ಸೈಟೂ ಹೇಳಿಕೊಡುವುದಿಲ್ಲ.

ಇನ್ನೊಂದು ತೊಡಕು. ನಮ್ಮ ಕೆರೆಯ ಸ್ಯಾಂಕಿ ಹುಟ್ಟಿದ್ದು 1829ರಲ್ಲಿ, ಐರ್ಲೆಂಡಿನ ಟಿಪ್ಪರರಿಯಲ್ಲಿ. ಇಂಗ್ಲೆಂಡಿನ ಸೂಚಿಯಲ್ಲಿ ಅವರ ಹುಟ್ಟು ಸಿಗುವ ಮಾತೇ ಇಲ್ಲ. ಐರ್ಲೆಂಡಿನಲ್ಲಿ ಎಲ್ಲ ಹುಟ್ಟುಗಳ ನೋಂದಣಿ ಶುರುವಾದದ್ದೇ 1864ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಚರ್ಚ್ ಪುಸ್ತಕಗಳು, 19ನೇ ಶತಮಾನದ ಮೊದಲ ಜನಗಣತಿಗಳು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಈ ಸಂಗತಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

1881ರ ಜನಗಣತಿಯಿಂದ ಮಾಡಿದ ಸರ್‌ನೇಮ್ ನಕ್ಷೆಗಳು ಉಪಯುಕ್ತ. ಆದರೆ ಅವು ತೋರಿಸುವುದು ಗಿರಣಿ, ಗಣಿ ಹುಡುಕಿ ಜನ ವಲಸೆ ಹೋದ ಮೇಲಿನ ಚಿತ್ರ. ಸರ್‌ನೇಮಿನ ಜಾಡು ಹಿಡಿಯುವ ವೈ-ಡಿಎನ್‌ಎ ಪರೀಕ್ಷೆ ಆ ವಂಶದ ಗಂಡಸರಿಗಷ್ಟೇ.

ಇನ್ನು ನಿಘಂಟು. ನನ್ನ ಹತ್ತಿರ ಇರುವುದು ಪಿ. ಎಚ್. ರೀನಿ ಅವರದು, 1958ರಲ್ಲಿ ಮೊದಲು ಬಂದದ್ದು, ಆಮೇಲೆ ಆರ್. ಎಂ. ವಿಲ್ಸನ್ ಪರಿಷ್ಕರಿಸಿದ್ದು. ಸೆಕೆಂಡ್ ಹ್ಯಾಂಡ್ ಪ್ರತಿ, ಬೆನ್ನು ಸ್ವಲ್ಪ ಬಿಟ್ಟಿದೆ. ಆ ಫ್ರೇಮಿನ ಬೆಲೆಗಿಂತ ಕಮ್ಮಿಗೆ ಬಂತು. ಪ್ರತಿ ಹೆಸರಿಗೂ ಕೆಲವೇ ಸಾಲು. ಆದರೆ ಆ ಸಾಲುಗಳಲ್ಲಿ ಹಳೆಯ ರೂಪ, ಇಸವಿ, ಯಾವ ಜಿಲ್ಲೆ ಅನ್ನುವುದು ಇರುತ್ತದೆ. ಹೇಳಿದ್ದನ್ನು ನಾವೇ ತಾಳೆ ನೋಡಬಹುದು.

ಸ್ಯಾಂಕಿ ಊರಿನಿಂದ ಬಂದ ಹೆಸರು. ಹಿಂದೆ ಲಂಕಾಶೈರಿಗೆ ಸೇರಿದ್ದ ಗ್ರೇಟ್ ಸ್ಯಾಂಕಿ, ಲಿಟಲ್ ಸ್ಯಾಂಕಿ. ಆ ಊರನ್ನು ಬಿಟ್ಟು ಬೇರೆ ಕಡೆ ನೆಲೆಸಿದವನನ್ನು ಸ್ಯಾಂಕಿಯವನು ಅಂತ ಕರೆದರು, ಅದೇ ಮಕ್ಕಳಿಗೂ ಉಳಿಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾದ ಹಾಗೆ. ಹಳೆಯ ಪತ್ರಗಳಲ್ಲಿ ಹೆಸರಿನ ಮುಂದೆ 'ದೆ' ಇರುತ್ತದೆ, ಇಂಥ ಊರಿನ ಅನ್ನುವ ಅರ್ಥದಲ್ಲಿ.

ಹಳೆಯ ರೂಪಗಳಲ್ಲಿ ಸಾಂಕಿ ಇದೆ, ಸೋಂಕಿ ಅಂತಲೂ ಇದೆ. ಆ ಸೀಮೆಯ ಹಳೆಯ ಬರವಣಿಗೆಯಲ್ಲಿ ನ, ಮ ಮುಂದೆ ಬಂದರೆ ಎ ಅಕ್ಷರದ ಜಾಗದಲ್ಲಿ ಓ ಬರೆಯುವುದು ರೂಢಿ. ಮ್ಯಾನ್ ಅನ್ನುವುದು ಮೊನ್ ಆಗುತ್ತಿತ್ತು. ಹಾಗಾಗಿ ಸೋಂಕಿಯೂ ಅದೇ ಊರು. ಫ್ರೇಮಿನ ಮರಳು ಕಥೆ ನಿಲ್ಲಬೇಕಾದರೆ ಹಳೆಯ ರೂಪದಲ್ಲಿ ಎಲ್ಲಾದರೂ ಸ್ಯಾಂಡ್ (ಮರಳು) ಅನ್ನುವ ಮಾತಿನ ಡ ಕಾಣಬೇಕಿತ್ತು. ಕಾಣುವುದಿಲ್ಲ.

ಊರಿಗೆ ಹೆಸರು ಬಂದದ್ದು ಅಲ್ಲಿ ಹರಿಯುವ ಸ್ಯಾಂಕಿ ತೊರೆಯಿಂದ. ಅದು ಇಂಗ್ಲಿಷರು ಬರುವ ಮುಂಚಿನ ಬ್ರಿಟನ್ನಿನ ಭಾಷೆಯ ಮಾತು ಅಂತ ವಿದ್ವಾಂಸರ ಅಭಿಪ್ರಾಯ, ಅರ್ಥ ಖಚಿತವಿಲ್ಲ. ಇದೇ ತೊರೆಯ ಪಕ್ಕ 1757ರಲ್ಲಿ ಸೇಂಟ್ ಹೆಲೆನ್ಸ್ ಕಡೆಯ ಕಲ್ಲಿದ್ದಲು ಸಾಗಿಸಲು ಕಾಲುವೆ ತೆಗೆದರು. 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಇದೇ ಕಣಿವೆಯನ್ನು ಒಂಬತ್ತು ಕಮಾನಿನ ಸೇತುವೆ ಮೇಲೆ ದಾಟಿತು. ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದ ಮೇಲೆ ಭಾನುವಾರ ಕಾಲುವೆ ದಂಡೆಯಲ್ಲಿ ನಡೆದುಬಂದು ಫೋಟೋ ಕಳಿಸುತ್ತಾನೆ.

ಪುಸ್ತಕಕ್ಕೂ ಮಿತಿ ಇದೆ. ಹೆಸರಿನ ಹುಟ್ಟು ಹೇಳುತ್ತದೆ, ಕುಟುಂಬದ ಕಥೆ ಹೇಳುವುದಿಲ್ಲ. ಲಂಕಾಶೈರಿನ ಹೆಸರು ಟಿಪ್ಪರರಿಗೆ ಹೋದ ಬಗೆ ತಿಳಿಯಲು ಬೇರೆ ಓದಬೇಕು. ಕ್ರಾಮ್‌ವೆಲ್ ದಂಡಿನವರಿಗೆ ಸಂಬಳದ ಬಾಬ್ತಿಗೆ ಐರ್ಲೆಂಡಿನಲ್ಲಿ ಜಮೀನು ಕೊಟ್ಟರು ಅನ್ನುವುದು ಅಲ್ಲಿ ಸಿಗುತ್ತದೆ. 2016ರ ಆಕ್ಸ್‌ಫರ್ಡ್ ನಿಘಂಟು ನಾಲ್ಕು ಸಂಪುಟ, 45,000ಕ್ಕೂ ಜಾಸ್ತಿ ಹೆಸರು. ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಕೊಳ್ಳುವುದು ನನ್ನ ಪಿಂಚಣಿಗೆ ಆಗುವ ಮಾತಲ್ಲ.

ವಂಶ ಹುಡುಕಿಕೊಡುವ ಸೈಟುಗಳಿಗೆ ತಿಂಗಳ ಚಂದಾ ಕಟ್ಟುವುದು ನನಗೆ ಸರಿಬರುವುದಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ, ಕಾಫಿ ಕುಡಿಯುತ್ತಾ ಒಂದು ಹೆಸರು ತೆಗೆದು ನೋಡುವುದು ನನ್ನ ಅಭ್ಯಾಸ. ಅದಕ್ಕೆ ರೀನಿ ಸಾಕು. ಇಂಗ್ಲೆಂಡಿನಲ್ಲೇ ಇರುವ, ತಮ್ಮದೇ ವಂಶ ಹುಡುಕುವವರು ನಿಘಂಟು ನೋಡಿಕೊಂಡು ಆಮೇಲೆ ಫ್ರೀಬಿಎಂಡಿಗೆ ಹೋಗಲಿ, ಝಡ್ ಮರೆಯದೆ.

ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ ಹೆಸರಿನ ಮೂಲ ಬೇಕೆನ್ನುವವರು ಮಾತ್ರ ಇಂಗ್ಲಿಷ್ ನಿಘಂಟಿಗೆ ದುಡ್ಡು ಹಾಕಬೇಡಿ. ಮಾರ್ಕ್ ಕಬ್ಬನ್ ಇಂಗ್ಲೆಂಡ್, ಐರ್ಲೆಂಡ್ ನಡುವಿನ ಮ್ಯಾನ್ ದ್ವೀಪದವರು. ಅಲ್ಲಿಯ ಗೇಲಿಕ್ ಹೆಸರುಗಳಲ್ಲಿ ಮಗ ಅನ್ನುವ ಅರ್ಥದ 'ಮ್ಯಾಕ್' ಸವೆದು ಅದರ ಕೊನೆಯ ಕಕಾರ ಮುಂದಿನ ಹೆಸರಿಗೆ ಅಂಟಿಕೊಂಡಿದೆ. ಮ್ಯಾಕ್ ಗಿಬ್ಬನ್ ಹೀಗೆ ಕಬ್ಬನ್ ಆಯಿತು. ಅದಕ್ಕೆ ಎ. ಡಬ್ಲ್ಯೂ. ಮೂರ್ 1890ರಲ್ಲಿ ಬರೆದ ಮ್ಯಾನ್ ದ್ವೀಪದ ಹೆಸರುಗಳ ಪುಸ್ತಕ ಇದೆ. ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.