ಸುವೊನ್‌ನ ಒನ್‌ರೂಮ್: ಮಂಗಳೂರು–ಉಡುಪಿಯಿಂದ ಹೊರಟವರಿಗೆ ಒಂದು ರಿವ್ಯೂ

ಮಣಿಪಾಲದಲ್ಲೋ ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಓದಿದ ಮಕ್ಕಳು ಕೊರಿಯಾಕ್ಕೆ ಹೊರಟರು ಅಂದರೆ ಮನೆಯವರ ಬಾಯಲ್ಲಿ ಸಿಯೋಲ್ ಹೆಸರು. ಹೋಗಿ ಇಳಿಯುವುದು ಹೆಚ್ಚಿನವರು ಸಿಯೋಲ್ ಸುತ್ತ ಇರುವ ಗ್ಯೊಂಗಿ ಪ್ರಾಂತ್ಯದ ಊರುಗಳಲ್ಲಿ. ಅದರಲ್ಲಿ ನಮ್ಮ ಎಂಜಿನಿಯರ್‌ಗಳಿಗೆ ಹತ್ತಿರದ್ದು ಸುವೊನ್. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಅಲ್ಲಿಯ ಯೊಂಗ್‌ತೊಂಗ್ ಭಾಗದಲ್ಲಿ ಉಂಟು. ಹಾಗಾಗಿ ಈ ರಿವ್ಯೂ ಯೊಂಗ್‌ತೊಂಗ್ ಸುತ್ತಮುತ್ತ ಸಿಗುವ ಒನ್‌ರೂಮ್ ಬಗ್ಗೆ: ಮಲಗುವುದು, ಅಡುಗೆ, ಬಟ್ಟೆ ಒಗೆಯುವುದು ಎಲ್ಲಾ ಒಂದೇ ಕೋಣೆಯಲ್ಲಿ, ಮೂಲೆಯಲ್ಲೊಂದು ಬಚ್ಚಲು. ಕೋಣೆಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಮೊದಲ ಎರಡು ತಿಂಗಳಿಗೆ ಒಂದೂವರೆ ಕೊಟ್ಟರೆ ಜಾಸ್ತಿ.

ಕೋಣೆಯ ವಿಷಯಕ್ಕೆ ಬರುವ ಮೊದಲು ಒಂದು ಎಚ್ಚರಿಕೆ. "ಕೊರಿಯಾದಲ್ಲಿ ಫ್ಯಾಕ್ಟರಿ ಕೆಲಸ, ಇ-9 ವೀಸಾ ಗ್ಯಾರಂಟಿ" ಅಂತ ಊರಲ್ಲಿ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಇ-9 ಸಿಗುವುದು ಕೊರಿಯಾ ಸರಕಾರದ ಜೊತೆ ಒಪ್ಪಂದ ಇರುವ ದೇಶಗಳವರಿಗೆ ಮಾತ್ರ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ನಮ್ಮವರ ದಾರಿ ಏನಿದ್ದರೂ ಓದಿಗೆ ಡಿ-2, ಸಂಶೋಧನೆಗೆ ಇ-3, ಪರಿಣತಿಯ ಕೆಲಸಕ್ಕೆ ಇ-7, ಈ ಥರದ್ದು.

ಮೊದಲ ಎರಡು ತಿಂಗಳು ಯಾಕೆ ಅಷ್ಟು ಕಷ್ಟ? ಕಾರ್ಡ್ ಇಲ್ಲ, ಅದಕ್ಕೆ. ಅಲ್ಲಿಗೆ ಹೋದ 90 ದಿನದೊಳಗೆ ವಿದೇಶಿ ನಿವಾಸಿ ಕಾರ್ಡಿಗೆ ಅರ್ಜಿ ಹಾಕಬೇಕು. ಹೈಕೊರಿಯಾ ವೆಬ್‌ಸೈಟ್‌ನಲ್ಲಿ ದಿನ ಗೊತ್ತುಮಾಡಿಕೊಂಡೇ ಇಮಿಗ್ರೇಶನ್ ಆಫೀಸಿಗೆ ಹೋಗಬೇಕು, ಸುವೊನ್‌ನ ಆಫೀಸು ಯೊಂಗ್‌ತೊಂಗ್‌ನಲ್ಲೇ ಉಂಟು. ಕಾಲೇಜು ಶುರುವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ದಿನ ಸಿಗುವುದೇ ಕಷ್ಟ, ಹಾಗಾಗಿ ವಿಮಾನ ಇಳಿದ ವಾರದಲ್ಲೇ ಬುಕ್ ಮಾಡಿ. ಗೊಂದಲ ಇದ್ದರೆ 1345ಕ್ಕೆ ಫೋನ್ ಮಾಡಬಹುದು, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ. ಆ ಕಾರ್ಡಿನ 13 ಅಂಕಿಯ ನಂಬರ್ ಕೈಗೆ ಬರುವ ತನಕ ಮಾಸಿಕ ಪ್ಲಾನಿನ ಸಿಮ್, ಆನ್‌ಲೈನ್ ಬ್ಯಾಂಕಿಂಗ್, ಮನೆಗೆ ಸಾಮಾನು ತರಿಸುವ ಆ್ಯಪ್ ಒಂದೂ ಸರಿಯಾಗಿ ಆಗುವುದಿಲ್ಲ.

ನಂಬರ್ ಬಂದ ಮೇಲೂ ತಕರಾರು ಮಾಡುವುದು ಹೆಸರು. ಕೊರಿಯಾದಲ್ಲಿ ಫೋನ್ ನಂಬರೇ ಗುರುತಿನ ಚೀಟಿ ಇದ್ದ ಹಾಗೆ. ಆ್ಯಪ್ ನಿಮ್ಮ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಮೂರನ್ನೂ ಟೆಲಿಕಾಂ ಕಂಪನಿಯ ದಾಖಲೆಗೆ ತಾಳೆ ನೋಡುತ್ತದೆ. ಕಾರ್ಡಿನಲ್ಲಿ "ಶೆಟ್ಟಿ ಸುಜಿತ್ ಕುಮಾರ್" ಅಂತಿದ್ದು ಸಿಮ್ ಅಂಗಡಿಯವ "ಸುಜಿತ್‌ಕುಮಾರ್ ಶೆಟ್ಟಿ" ಅಂತ ಹೊಡೆದರೆ ಮುಗಿಯಿತು, ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಸಾಕು, ತಾಳೆ ಆಗುವುದಿಲ್ಲ. ಕೊರಿಯಾದವರ ಹೆಸರು ಸಾಮಾನ್ಯವಾಗಿ ಮೂರೇ ಅಕ್ಷರ, ಫಾರ್ಮುಗಳೆಲ್ಲ ಅದೇ ಅಳತೆಗೆ ಹೊಲಿದದ್ದು. ಅಪ್ಪನ ಹೆಸರು, ಮನೆತನ, ಊರು ಎಲ್ಲಾ ಸೇರಿದ ನಮ್ಮ ಹೆಸರು ಅದರಲ್ಲಿ ಹಿಡಿಸುವುದಿಲ್ಲ. ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗ ಖಾಲಿ ಇರುವವರು, ಇನಿಷಿಯಲ್ ಮಾತ್ರ ಇರುವವರು ಊರಲ್ಲಿರುವಾಗಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಂಡು ಆಮೇಲೆ ಅಡ್ಮಿಷನ್, ಅಪಾಸ್ಟಿಲ್ (ನಮ್ಮ ದಾಖಲೆ ವಿದೇಶದಲ್ಲಿ ನಡೆಯಲಿಕ್ಕೆ ಬೇಕಾದ ದೃಢೀಕರಣ), ವೀಸಾಕ್ಕೆ ಕೈಹಾಕುವುದು ಒಳ್ಳೆಯದು. ಅಲ್ಲಿ ಹೋದ ಮೇಲೆ ಬ್ಯಾಂಕ್ ಕೌಂಟರಿನಲ್ಲೂ ಸಿಮ್ ಅಂಗಡಿಯಲ್ಲೂ ಕಾರ್ಡ್ ಎದುರಿಟ್ಟು, ಅದರಲ್ಲಿರುವ ಹಾಗೆಯೇ, ಅದೇ ಸ್ಪೇಸ್‌ನಲ್ಲಿ ಹೊಡೆಯಿರಿ ಅಂತ ತೋರಿಸಿ. ಸ್ಕ್ರೀನ್ ತಿರುಗಿಸಿ ನೋಡಲಿಕ್ಕೆ ನಾಚಿಕೆ ಬೇಡ.

ಬ್ಯಾಂಕಿನ ಇನ್ನೊಂದು ತೊಡಕು ಮಿತಿಯ ಖಾತೆ. ಹೊಸಬರಿಗೆ ಸಿಗುವ ಖಾತೆಯಿಂದ ದಿನಕ್ಕೆ ಆನ್‌ಲೈನ್‌ನಲ್ಲಿ 10 ಲಕ್ಷ ವೊನ್, ಕೌಂಟರಿನಲ್ಲಿ 30 ಲಕ್ಷ ವೊನ್ ಮಾತ್ರ ಕಳಿಸಬಹುದು. (ಸಾವಿರ ವೊನ್ ಅಂದರೆ ಸುಮಾರು 60 ರೂಪಾಯಿ, ಲಕ್ಷ ಅಂದ ಕೂಡಲೇ ಹೆದರಬೇಡಿ.) ಮನೆಯ ಠೇವಣಿ 50 ಲಕ್ಷ ಅಂತಾದರೆ ಮನೆ ಕೈಗೆ ಸಿಗುವ ದಿನ ಒಂದೇ ಸಲ ಕಳಿಸಲಿಕ್ಕೆ ಬರುವುದಿಲ್ಲ. ಬಾಡಿಗೆ ಕರಾರು, ಸಂಬಳದ ಚೀಟಿ ತೋರಿಸಿ ಮಿತಿ ಎತ್ತಿಸಿಕೊಳ್ಳಬೇಕು, ಆಗದಿದ್ದರೆ ಮೂರು ದಿನ ಮುಂಚೆಯೇ ಕಂತು ಶುರು ಮಾಡಬೇಕು.

ಈಗ ಬಾಡಿಗೆ. ಠೇವಣಿಗೆ ಬೊಜುಂಗ್‌ಗುಮ್, ತಿಂಗಳ ಬಾಡಿಗೆಗೆ ವೊಲ್‌ಸೆ, ಮೆಟ್ಟಿಲು ಗುಡಿಸುವುದು, ಲಿಫ್ಟು, ಕೆಲವೆಡೆ ನೀರು–ಇಂಟರ್ನೆಟ್ ಎಲ್ಲಾ ಸೇರಿ ಗ್ವಾಲ್ಲಿಬಿ. ಗ್ವಾಲ್ಲಿಬಿಯಲ್ಲಿ ಏನೇನು ಬಂತು ಅಂತ ಕರಾರಿನಲ್ಲೇ ಬರೆಸಿ, "ಬಾಡಿಗೆ ಕಮ್ಮಿ" ಅಂತ ಕರೆದು ಅಲ್ಲಿ ವಸೂಲು ಮಾಡುವವರು ಉಂಟು. ದಲ್ಲಾಳಿಯ ಕಮಿಷನ್‌ಗೆ ಕಾನೂನಿನ ಲೆಕ್ಕವೇ ಇದೆ. ಠೇವಣಿ 50 ಲಕ್ಷ, ಬಾಡಿಗೆ 4 ಲಕ್ಷ ಅಂತಿಟ್ಟುಕೊಳ್ಳಿ. ಬಾಡಿಗೆಯನ್ನು 100ರಿಂದ ಗುಣಿಸಿ ಠೇವಣಿಗೆ ಕೂಡಿಸಿದರೆ 4.5 ಕೋಟಿ. ಇದು 5 ಕೋಟಿಗಿಂತ ಕಮ್ಮಿ ಆದ ಕಾರಣ 100ರ ಬದಲು 70ರಿಂದ ಗುಣಿಸಬೇಕು, ಆಗ 3.3 ಕೋಟಿ. ಅದರ ಶೇ. 0.5 ಅಂದರೆ 1,65,000 ವೊನ್. ಮೇಲೆ ವ್ಯಾಟ್ ಸೇರಬಹುದು. ಇದಕ್ಕಿಂತ ಹೆಚ್ಚು ಕೇಳಿದರೆ ಫೋನಿನ ಕ್ಯಾಲ್ಕುಲೇಟರ್ ಹಿಡಿದು ಅವರೆದುರೇ ಲೆಕ್ಕ ಮಾಡಿ, ಬಾಯಿ ಮುಚ್ಚುತ್ತಾರೆ.

ಸಹಿ ಹಾಕುವ ದಿನ ಬೆಳಿಗ್ಗೆ ಕಟ್ಟಡದ ನೋಂದಣಿ ಪ್ರತಿ ತೆಗೆಸಿ ನೋಡಿ, ನಮ್ಮಲ್ಲಿ ಜಾಗ ತೆಗೆದುಕೊಳ್ಳುವಾಗ ಇಸಿ ನೋಡಿದ ಹಾಗೆ. ಆನ್‌ಲೈನ್‌ನಲ್ಲಿ ನೋಡಲಿಕ್ಕೆ 700 ವೊನ್. ಮಾಲೀಕನ ಹೆಸರು ಕರಾರಿನ ಹೆಸರಿಗೆ ಹೊಂದುತ್ತದಾ, ಮೇಲೆ ಬ್ಯಾಂಕ್ ಸಾಲ ಎಷ್ಟು, ಎರಡು ವಿಷಯ ಸಾಕು. ಮನೆಗೆ ಹೋಗಿ ಸೇರಿದ ಕೂಡಲೇ ವಿಳಾಸ ವರದಿ ಮಾಡಿ, ಕರಾರಿನ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಿ, ಅದಕ್ಕೆ 600 ವೊನ್. ಮಾಲೀಕ ಮುಳುಗಿ ಕಟ್ಟಡ ಹರಾಜಿಗೆ ಬಂದರೆ ಠೇವಣಿಯ ಸರದಿ ನಿಲ್ಲುವುದು ಈ ಎರಡರ ಮೇಲೆ. ತಿಂಗಳ ಬಾಡಿಗೆಯೇ ಇಲ್ಲದೆ ದೊಡ್ಡ ಗಂಟು ಕೊಟ್ಟು ಕೂರುವ ಜೊನ್ಸೆ ಪದ್ಧತಿಯಲ್ಲಿ ಮೋಸಹೋದವರ ಸುದ್ದಿ 2022–23ರಲ್ಲಿ ಆ ದೇಶವನ್ನೇ ಅಲ್ಲಾಡಿಸಿತ್ತು. ಮೊದಲ ವರ್ಷ ಅದರ ತಂಟೆ ಬೇಡ.

ಬಾಗಿಲಿಗೆ ಕೀ ಇಲ್ಲ, ನಂಬರ್ ಒತ್ತುವ ಲಾಕ್. ಒಳಗೆ ಸಾಮಾನ್ಯವಾಗಿ ನಾಲ್ಕು ಎಎ ಬ್ಯಾಟರಿ. ಬ್ಯಾಟರಿ ಮುಗಿಯುತ್ತಾ ಬಂದರೆ ಬಾಗಿಲು ತೆಗೆದಾಗಲೆಲ್ಲ ಒಂದು ಬೇರೆಯೇ ರಾಗ ಹಾಡುತ್ತದೆ. ಅದನ್ನು ಕೇಳಿಯೂ ಸುಮ್ಮನಿದ್ದು ಹೊರಗೆ ಸಿಕ್ಕಿಬಿದ್ದರೆ ಪಕ್ಕದ ಕನ್ವೀನಿಯನ್ಸ್ ಸ್ಟೋರ್‌ನಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ ತನ್ನಿ. ಲಾಕ್‌ನ ಹೊರಮುಖದ ಕೆಳಗೆ ಎರಡು ಲೋಹದ ಚುಕ್ಕಿ ಇರುತ್ತವೆ. ಬ್ಯಾಟರಿಯ ಎರಡು ತಲೆ ಅದಕ್ಕೆ ಒತ್ತಿ ಹಿಡಿದು, ಬಿಡದೆ ನಂಬರ್ ಹೊಡೆದರೆ ತೆರೆಯುತ್ತದೆ.

ಕೋಣೆಗೆ ನಾಲ್ಕು ಅಂಕ ಬಂದದ್ದು ನೆಲಕ್ಕೆ. ಒಂದೊಲ್ ಅಂದರೆ ನೆಲದಡಿ ಬಿಸಿನೀರಿನ ಪೈಪು, ಗೋಡೆಯಲ್ಲಿ ಬಾಯ್ಲರ್‌ನ ಪುಟ್ಟ ಪ್ಯಾನೆಲ್. ಮೂರು ಶಬ್ದ ಕಲಿತರೆ ಸಾಕು: ನಾನ್‌ಬಾಂಗ್ ಅಂದರೆ ನೆಲ ಬಿಸಿ, ಒನ್ಸು ಅಂದರೆ ಬರೇ ಬಚ್ಚಲಿಗೆ ಬಿಸಿನೀರು, ವೇಚುಲ್ ಅಂದರೆ ಹೊರಗೆ ಹೋಗಿದ್ದೇವೆ. ಬೇಸಿಗೆಯಲ್ಲಿ ನಾನ್‌ಬಾಂಗ್ ಒತ್ತಿ ಸ್ನಾನ ಮಾಡಿದರೆ ಕೋಣೆ ಕಾಯುತ್ತದೆ, ಗ್ಯಾಸ್ ಬಿಲ್ಲೂ ಕಾಯುತ್ತದೆ. ಚಳಿಗಾಲದಲ್ಲಿ ಊರಿಗೆ ಬರುವಾಗ ನಮ್ಮ ಅಭ್ಯಾಸದಂತೆ ಎಲ್ಲಾ ಆಫ್ ಮಾಡಿ ಬಂದರೆ ತಪ್ಪು. ಜನವರಿಯಲ್ಲಿ ಮೈನಸ್ 10ರ ಕೆಳಗೆ ಇಳಿದಾಗ ಪೈಪಿನ ನೀರು ಹೆಪ್ಪುಗಟ್ಟಿ ಒಡೆಯುತ್ತದೆ, ರಿಪೇರಿ ಖರ್ಚು ಬಾಡಿಗೆಯವನ ತಲೆಗೆ. ವೇಚುಲ್‌ನಲ್ಲಿ ಬಿಡಿ, ಕಡುಚಳಿಯ ರಾತ್ರಿ ನಲ್ಲಿಯನ್ನು ಬಿಸಿನೀರಿನ ಬದಿಗೂ ತಿರುಗಿಸಿ ನೂಲಿನಷ್ಟು ಹರಿಯಲಿಕ್ಕೆ ಬಿಡಿ. ತಣ್ಣೀರಿನ ಬದಿ ಮಾತ್ರ ಬಿಟ್ಟರೆ ಬಿಸಿನೀರಿನ ಪೈಪ್ ಕಟ್ಟಿಕೊಳ್ಳುತ್ತದೆ.

ಇದೇ ನೆಲ ಉದ್ದಿನ ಹಿಟ್ಟಿಗೆ ವರ. ಪಾತ್ರೆಯಡಿಗೆ ದಪ್ಪ ಟವೆಲ್ ಮಡಚಿ ಹಾಕಿ ನೆಲದಲ್ಲಿಟ್ಟರೆ ಹೊರಗೆ ಹಿಮ ಬಿದ್ದರೂ ಬೆಳಿಗ್ಗೆಗೆ ಹಿಟ್ಟು ಹುದುಗಿ ಮೇಲೆ ಬಂದಿರುತ್ತದೆ. ಟವೆಲ್ ಇಲ್ಲದೆ ನೇರ ಇಟ್ಟರೆ ಅಡಿಭಾಗ ಮಾತ್ರ ಹುಳಿ. ಗಟ್ಟಿಯಾದ ತೆಂಗಿನೆಣ್ಣೆ ಬಾಟ್ಲಿಯನ್ನೂ ಅದರ ಪಕ್ಕದಲ್ಲೇ ಇಟ್ಟುಬಿಡಿ.

ಮಿಕ್ಸಿ ಒಯ್ಯಬಹುದು. ಅಲ್ಲಿ 220 ವೋಲ್ಟ್, 60 ಹರ್ಟ್ಸ್, ಮಿಕ್ಸಿಯ ಮೋಟರಿಗೆ ಅದರಿಂದ ತೊಂದರೆ ಇಲ್ಲ. ಆದರೆ ನಮ್ಮ ಮೂರು ಪಿನ್ ಅಲ್ಲಿಯ ಸಾಕೆಟಿಗೆ ಹೋಗುವುದಿಲ್ಲ, ಎರಡು ದಪ್ಪ ಪಿನ್ನಿನ ಪ್ಲಗ್ ಹಾಕಿಸಿಕೊಳ್ಳಬೇಕು. ಟೇಬಲ್‌ಟಾಪ್ ಗ್ರೈಂಡರ್ ಬೇಡ, ಅದರ ಮೋಟರ್ 60 ಹರ್ಟ್ಸ್‌ನಲ್ಲಿ ಸುಮಾರು ಶೇ. 20 ಜೋರಾಗಿ ತಿರುಗಿ ಹಿಟ್ಟು ಬಿಸಿಯಾಗುತ್ತದೆ. ಒಲೆ ಇಂಡಕ್ಷನ್ ಆದರೆ ಬೀಡಿನ ಕಾವಲಿ ನಡೆಯುತ್ತದೆ, ಅಲ್ಯೂಮಿನಿಯಂ, ಮಣ್ಣಿನ ಪಾತ್ರೆ ನಡೆಯುವುದಿಲ್ಲ. ಕೆಂಪಗೆ ಕಾಯುವ ಹೈಲೈಟ್ ಒಲೆಯಾದರೆ ಯಾವುದೂ ಆದೀತು. ಕೊರಿಯಾದ ಅಕ್ಕಿ ಅಂಟು, ನೀರುದೋಸೆ ಏಳುವುದೇ ಇಲ್ಲ. ಉದ್ದ ಕಾಳಿನ ಅಕ್ಕಿ, ಉದ್ದು, ಕಾಯಿತುರಿಗೆ ಸುವೊನ್ ಸ್ಟೇಷನ್ ಹತ್ತಿರದ ವಿದೇಶಿ ದಿನಸಿ ಅಂಗಡಿಗಳು ಸಾಲುತ್ತವೆ. ಇನ್ನೂ ಬೇಕಾದರೆ ಸುಯಿನ್–ಬುಂದಾಂಗ್ ಲೈನ್‌ನಲ್ಲಿ ಅನ್ಸಾನ್ ಸ್ಟೇಷನ್‌ವರೆಗೆ ಹೋಗಿ, ಎದುರಿಗೇ ವೊಂಗೊಕ್‌ದೊಂಗ್. ಕಾರ್ಮಿಕರ ಪೇಟೆ ಅದು, ಏಷ್ಯಾದ ಎಲ್ಲಾ ಭಾಷೆಯ ಬೋರ್ಡುಗಳೂ ಅಲ್ಲಿ ಕಾಣುತ್ತವೆ.

ಮೀನು ತಿನ್ನುವವರಿಗೆ ಚಿಂತೆಯಿಲ್ಲ ಮಾರಾಯ್ರೆ. ಸಾಮ್ಚಿ ಅಂದರೆ ನಮ್ಮ ಅಂಜಲ್‌ನ ದಾಯಾದಿ, ಬ್ಯೊಂಗೊ ಅಂದರೆ ಮಾಂಜಿ, ಗೊದುಂಗೊ ಬಂಗುಡೆಯ ನೆಂಟ, ಬಾಜಿರಾಕ್ ಮರುವಾಯಿ, ಹೊಂಗಾಪ್ ನೀಲಿಕಲ್ಲು. ಎಡವುವುದು ಗೊದುಂಗೊದಲ್ಲಿ. ಪ್ಯಾಕೆಟಿನ ಮೇಲೆ "ಜಾಬಾನ್" ಅಂತಿದ್ದರೆ ಅದಕ್ಕೆ ಉಪ್ಪು ಹಾಕಿ ಆಗಿದೆ. ಹಾಗೇ ಗಸಿ ಮಾಡಿದರೆ ಬಾಯಿಗಿಡಲಿಕ್ಕಾಗುವುದಿಲ್ಲ. ಅಕ್ಕಿ ತೊಳೆದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಮಸಾಲೆಗೆ ಉಪ್ಪೇ ಹಾಕಬೇಡಿ. ಕೊರಿಯಾದ ಮೆಣಸಿನ ಪುಡಿ ಬಣ್ಣಕ್ಕೆ ಬ್ಯಾಡಗಿಯ ಹತ್ತಿರ, ಖಾರ ಕಮ್ಮಿ, ತುಸು ಸಿಹಿ. ಹುಣಸೆ, ಪುನರ್ಪುಳಿ ಸಿಪ್ಪೆ ಊರಿಂದಲೇ ಒಯ್ಯಿರಿ. ಕೋಳಿ ಸುಕ್ಕ, ಹಂದಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಬೇಡಿ, ಹೇಳದೆ ಮಾಂಸ ತಂದರೆ ದಂಡ 1 ಕೋಟಿ ವೊನ್‌ವರೆಗೆ. ಮಾವು, ಹಲಸೂ ಬೇಡ.

ಸಸ್ಯಾಹಾರಿಗಳ ಪಾಡು ಬೇರೆ. "ಗೋಗಿ ಬೇಡ" ಅಂದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಸಾರಿನ ನೀರು ಒಣ ಮೀನಿನದ್ದೇ ಇರುತ್ತದೆ. ಕಿಮ್ಚಿಯಲ್ಲಿ ಸಿಗಡಿ ಅಥವಾ ಮೀನಿನ ರಸ. ಅನ್ನಕ್ಕೆ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್‌ನ ಕೆಂಪು ಪೇಸ್ಟಿನಲ್ಲೂ ಕೆಲವೊಮ್ಮೆ ದನದ ಮಾಂಸ ಹುರಿದು ಸೇರಿಸಿರುತ್ತಾರೆ. ನಂಬಬಹುದಾದದ್ದು ಬೌದ್ಧ ದೇವಸ್ಥಾನದ ಊಟ: ಈರುಳ್ಳಿ ಜಾತಿಯ ಸೊಪ್ಪು, ಬೆಳ್ಳುಳ್ಳಿ ಕೂಡ ಇಲ್ಲ. ಉಡುಪಿಯವರಿಗೆ ಇಲ್ಲೊಂದು ತಮಾಷೆ. ಅವರು ಬಿಡುವ ಐದು ಪದಾರ್ಥಗಳ ಪಟ್ಟಿಯಲ್ಲಿ ಇಂಗೂ ಉಂಟು.

ಕಸದ ವಿಷಯದಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. 1995ರಿಂದ ಕಸಕ್ಕೆ ದುಡ್ಡು ಕೊಡುವ ಚೀಲದ ಪದ್ಧತಿ. ಆಯಾ ನಗರದ ಹೆಸರು ಅಚ್ಚಾದ ಚೀಲವನ್ನು ಅಂಗಡಿಯಲ್ಲಿ ಕೊಳ್ಳಬೇಕು, ಅದರಲ್ಲೇ ಕಟ್ಟಿಡಬೇಕು. ಅಡುಗೆ ಕಸ ಬೇರೆ, ಅದರಿಂದ ಮೇವು, ಗೊಬ್ಬರ ಮಾಡುತ್ತಾರೆ. ಪ್ರಾಣಿ ತಿನ್ನಲಾರದ್ದು ಅಡುಗೆ ಕಸ ಅಲ್ಲ ಅಂತ ನೆನಪಿಟ್ಟರೆ ಮುಕ್ಕಾಲು ಭಾಗ ಗೊತ್ತಾದ ಹಾಗೆ. ಮರುವಾಯಿ ಚಿಪ್ಪು, ಏಡಿ ಚಿಪ್ಪು, ಕೋಳಿ ಎಲುಬು, ಮೊಟ್ಟೆ ಓಡು, ನೀರುಳ್ಳಿ ಸಿಪ್ಪೆ, ಚಹಾ ಗಸಿ, ತೆಂಗಿನ ಗೆರಟೆ ಎಲ್ಲಾ ಸಾಮಾನ್ಯ ಚೀಲಕ್ಕೆ. ಬಣ್ಣವಿಲ್ಲದ ನೀರಿನ ಬಾಟ್ಲಿಯ ಲೇಬಲ್ ಕಿತ್ತು, ಚಪ್ಪಟೆ ಮಾಡಿ, ಮುಚ್ಚಳ ಹಾಕಿ ಬೇರೆಯೇ ಇಡಬೇಕು. ಬೇರೆ ಚೀಲದಲ್ಲಿ ಕಟ್ಟಿ ರಾತ್ರಿ ಮೂಲೆಯಲ್ಲಿ ಇಟ್ಟು ಬಂದರೆ ಒಳಗಿನ ಕೊರಿಯರ್ ಚೀಟಿ ನೋಡಿ ಹುಡುಕಿಕೊಂಡು ಬರುತ್ತಾರೆ, ದಂಡ 10 ಲಕ್ಷ ವೊನ್‌ವರೆಗೂ ಹೋಗಬಹುದು.

ಬಸ್ಸು, ಮೆಟ್ರೋ ಬಗ್ಗೆ ದೂರಲಿಕ್ಕೆ ಏನೂ ಇಲ್ಲ. ಟಿ-ಮನಿ ಕಾರ್ಡ್ ಹತ್ತುವಾಗ ಮಾತ್ರ ಅಲ್ಲ, ಇಳಿಯುವಾಗಲೂ ತಾಗಿಸಿ. ತಾಗಿಸಿ 30 ನಿಮಿಷದೊಳಗೆ ಬೇರೆ ಬಸ್ಸೋ ರೈಲೋ ಹತ್ತಿದರೆ ಹೊಸ ಟಿಕೆಟ್ ಬೀಳುವುದಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಒಂದು ಗಂಟೆ ಸಮಯ ಉಂಟು. ಮೆಟ್ರೋದ ಮೂಲ ದರ 2025ರ ಜೂನ್ ಕೊನೆಯಿಂದ 1,550 ವೊನ್. ಸಿಯೋಲ್‌ಗೆ ಹೋಗುವ ಎಂ-ಬಸ್ಸಿನಲ್ಲಿ ನಿಂತು ಹೋಗಲಿಕ್ಕೆ ಬಿಡುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿ ಬೆಳೆದವರಿಗೆ ಸೀಟಿಲ್ಲ ಅಂತ ಬಸ್ಸು ಬಿಟ್ಟು ನಿಲ್ಲುವುದು ಅಭ್ಯಾಸವಾಗಲಿಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ.

ಬಿಡುವಾಗಿನ ಲೆಕ್ಕ. ಕರಾರು ಮುಗಿಯುವ ಎರಡು ತಿಂಗಳು ಮುಂಚೆಯೇ ಹೇಳಬೇಕು, ಬಾಯಲ್ಲಿ ಅಲ್ಲ, ಮೆಸೇಜಿನಲ್ಲಿ. ಹೇಳದಿದ್ದರೆ ಕರಾರು ತಾನಾಗಿ ಮುಂದುವರಿಯುತ್ತದೆ. ಆಮೇಲೆ ಬಿಡುತ್ತೇನೆ ಅಂದರೂ ಮೂರು ತಿಂಗಳು ಕಾಯಬೇಕು. ಬಂದ ದಿನವೇ ಗೋಡೆಯ ಬೂಷ್ಟು, ನೆಲದ ಗೀರು, ಬಾಗಿಲ ಚೌಕಟ್ಟು ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಟ್ಟಿದ್ದರೆ ಠೇವಣಿಯಿಂದ ಕಡಿಯುವ ಮಾತು ಬರುವುದಿಲ್ಲ. ಹೊರಡುವ ದಿನ ಗ್ಯಾಸ್ ಮೀಟರಿನ ನಂಬರ್ ಫೋಟೊ ಹೊಡೆದು ಗ್ಯಾಸ್ ಕಂಪನಿಗೆ ತಿಳಿಸಿ ಅವತ್ತಿನ ತನಕದ ಬಿಲ್ಲು ಕಟ್ಟಿ. ಉಳಿದ ಸುವೊನ್ ಕಸದ ಚೀಲಗಳನ್ನು ಬೇರೆ ಊರಲ್ಲಿ ಬಳಸಬೇಕಾದರೆ ಅಲ್ಲಿಯ ವಾರ್ಡ್ ಆಫೀಸಿನಲ್ಲಿ ಸ್ಟಿಕ್ಕರ್ ಕೇಳಿ ಅಂಟಿಸಬೇಕು. ಠೇವಣಿ ಖಾತೆಗೆ ಬಿದ್ದದ್ದು ಕಣ್ಣಾರೆ ನೋಡಿದ ಮೇಲೆಯೇ ಬಾಗಿಲ ನಂಬರ್ ಅವರಿಗೆ ಹೇಳಿ.