ಹೊಗೆ ಹಿಡಿಸಿದ ಕುರಿ ಮಾಂಸ: ಎರಡೂವರೆ ವರ್ಷ ಬೇಯಿಸಿ ತಿಂದ ಮೇಲೆ ನನ್ನ ಅನುಭವ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮೊದಲ ಮೂರು ತಿಂಗಳಲ್ಲಿ ಕೇಳಿದ್ದರೆ ಎರಡಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಮಾಂಸ ಆಗಲೂ ಇದೇ, ಈಗಲೂ ಇದೇ. ಅದನ್ನು ಬೇಯಿಸುವುದು ನನಗೆ ಆಗ ಗೊತ್ತಿರಲಿಲ್ಲ, ಅಷ್ಟೇ.

ನಾನು ತರಿಸುವುದು ವ್ಯಾಕ್ಯೂಮ್ ಪ್ಯಾಕ್‌ನಲ್ಲಿ ಬರುವ, ಮೂಳೆ ಸಮೇತದ ಕಾಲಿನ ತುಂಡು. ಹೆಚ್ಚುಕಮ್ಮಿ ಒಂದು ಕೆಜಿ ಇರುತ್ತದೆ. ತಿಂಗಳಿಗೊಂದು ಪ್ಯಾಕ್‌ನಂತೆ ಎರಡೂವರೆ ವರ್ಷದಿಂದ ತರಿಸುತ್ತಿದ್ದೇನೆ. ನಡುವೆ ತೆಳ್ಳಗೆ ಕತ್ತರಿಸಿದ ಬಿಲ್ಲೆಗಳನ್ನೂ ನೋಡಿದೆ, ಬೇರೆ ಕಡೆಯ ಪ್ಯಾಕ್‌ಗಳನ್ನೂ ನೋಡಿದೆ. ಕೊನೆಗೆ ಮೂಳೆ ಇರುವ ಮುಂಗಾಲಿಗೇ ಬಂದು ನಿಂತಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಸಲ ಮಾಡಿದ ತಪ್ಪು ಇನ್ನೂ ಚೆನ್ನಾಗಿ ನೆನಪಿದೆ. ಹಸಿ ಮಾಂಸದ ಹಾಗೇ ತುಂಡು ಮಾಡಿ, ಮಸಾಲೆ ಅರೆದು ಹಾಕಿ, ಅಭ್ಯಾಸಬಲದಿಂದ ಉಪ್ಪನ್ನೂ ಹಾಕಿ ಕುಕ್ಕರ್‌ ಮುಚ್ಚಿದೆ. ಊಟಕ್ಕೆ ಕೂತ ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಉಪ್ಪಿನ ಡಬ್ಬಿನೇ ಬೋರಲು ಹಾಕಿದ್ಯೇನೋ?" ಅಂದರು. ಮಾಂಸ ನಾರುನಾರಾಗಿತ್ತು. ಹೊಗೆಯ ವಾಸನೆ ಮಸಾಲೆಯ ಜೊತೆ ಜಗಳಕ್ಕೆ ಬಿದ್ದಿತ್ತು. ಇಡೀ ಪಾತ್ರೆ ವ್ಯರ್ಥವಾಯಿತು.

ಈ ಮಾಂಸ ಹೇಗೆ ತಯಾರಾಗುತ್ತದೆ ಅಂತ ತಿಳಿದುಕೊಂಡಿದ್ದರೆ ಹಾಗಾಗುತ್ತಿರಲಿಲ್ಲ. ಹೊಗೆ ಕೊಡುವುದಕ್ಕೂ ಮೊದಲು ಮಾಂಸವನ್ನು ಉಪ್ಪಿನಲ್ಲಿ ಹೂತಿಡುತ್ತಾರೆ, ಇಲ್ಲವೇ ಉಪ್ಪು ನೀರಿನಲ್ಲಿ ಮುಳುಗಿಸಿಡುತ್ತಾರೆ. ಉಪ್ಪು ಒಳಗೆ ಹೋಗುತ್ತದೆ, ನೀರು ಹೊರಗೆ ಬರುತ್ತದೆ. ಆಮೇಲೆ ಹೊಗೆ. ಇದರಲ್ಲಿ ಎರಡು ಬಗೆ. 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಹೊಗೆ ಕೊಡುವುದು ಕೋಲ್ಡ್ ಸ್ಮೋಕಿಂಗ್. ಬಿಸಿಯಲ್ಲೇ ಹೊಗೆಯಾಡಿಸಿ ಮಾಂಸವನ್ನು ಬೇಯಿಸಿಯೂ ಬಿಡುವುದು ಹಾಟ್ ಸ್ಮೋಕಿಂಗ್. ಮೊದಲನೆಯದು ಹೊರಗಿನಿಂದ ಕಂದಾಗಿ ಬೆಂದ ಹಾಗೆ ಕಂಡರೂ ಒಳಗೆ ಹಸಿಯೇ. ಪ್ಯಾಕ್ ಮೇಲೆ "ಬೇಯಿಸಿ ತಿನ್ನಿ" ಅಂತಿದೆಯೋ "ತಿನ್ನಲು ಸಿದ್ಧ" ಅಂತಿದೆಯೋ ದಯವಿಟ್ಟು ನೋಡಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಕೆಡದಿರಲಿ ಅಂತ ಬಳಸುವ ನೈಟ್ರೈಟ್ ಎಂಬ ಲವಣ ಹಾಕಿದ ಮಾಂಸ ಪೂರ್ತಿ ಬೆಂದ ಮೇಲೂ ಗುಲಾಬಿ ಬಣ್ಣದಲ್ಲೇ ಇರುತ್ತದೆ. ನಾನು ತರಿಸುವುದು ಕೋಲ್ಡ್ ಸ್ಮೋಕ್ ಮಾಡಿದ್ದು. ಹಾಗಾಗಿ ಮುಂದೆ ಬರೆದದ್ದೆಲ್ಲ ಅದಕ್ಕೇ ಅನ್ವಯ.

ಈಗ ಉಪ್ಪಿನ ವಿಷಯ. ಈ ಮಾಂಸದ ಸುಖ ದುಃಖ ಎರಡೂ ಇದರಲ್ಲೇ ಇದೆ.

ನನ್ನ ಬಳಿ ಇರುವ ಪ್ಯಾಕ್ ಮೇಲೆ 100 ಗ್ರಾಂಗೆ 1,200 ಮಿಲಿಗ್ರಾಂ ಸೋಡಿಯಂ ಅಂತ ಬರೆದಿದೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಅಂದರೆ 3 ಗ್ರಾಂ ಉಪ್ಪು. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಗ್ರಾಂ ಮಾಂಸದಲ್ಲೇ ಅರ್ಧಕ್ಕಿಂತ ಜಾಸ್ತಿ ಮುಗಿದುಹೋಯಿತು, ಅಲ್ವಾ? ನಮ್ಮ ಅಪ್ಪನಿಗೆ ಬಿಪಿ ಇದೆ. ಲೇಬಲ್ ಓದುವ ಅಭ್ಯಾಸ ನನಗೆ ಬಂದದ್ದೇ ಅವರಿಂದಾಗಿ.

ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ಹಿಂದಿನ ರಾತ್ರಿ ಪ್ಯಾಕ್ ಬಿಚ್ಚಿ, ತುಂಡನ್ನು ತಣ್ಣೀರಲ್ಲಿ ಒಮ್ಮೆ ಉಜ್ಜಿ ತೊಳೆಯುತ್ತೇನೆ. ಹೊರಗಿನ ಒಣಗಿದ ಕಪ್ಪು ಪದರವನ್ನು ಚಾಕುವಿನಿಂದ ತೆಳ್ಳಗೆ ಹೆರೆಯುತ್ತೇನೆ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಪೂರ್ತಿ ಮುಳುಗುವಷ್ಟು ನೀರು ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಫ್ರಿಜ್‌ನಲ್ಲೇ ಇಡಬೇಕು, ಅಡುಗೆ ಕಟ್ಟೆ ಮೇಲಲ್ಲ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸುತ್ತೇನೆ. ಬೆಳಿಗ್ಗೆ ಆ ನೀರು ತಿಳಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೇಲೆ ಸಣ್ಣಗೆ ಎಣ್ಣೆಯ ಹೊಳಪು. ಮೂಸಿದರೆ ಆರಿದ ಒಲೆಯ ವಾಸನೆ.

ಆ ನೀರು ಚೆಲ್ಲಿ, ಹೊಸ ತಣ್ಣೀರು ಹಾಕಿ ಒಲೆ ಮೇಲಿಡುತ್ತೇನೆ. ಕುದಿ ಬಂದು ಐದು ನಿಮಿಷ ಆದ ಮೇಲೆ ಒಂದು ಚಮಚ ನೀರು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಮುಖ ಕಿವುಚುವಷ್ಟು ಉಪ್ಪಿದ್ದರೆ ಅದನ್ನೂ ಚೆಲ್ಲುತ್ತೇನೆ. ಸಾರಿಗೆ ಸರಿಯಾಗುವ ಹದದಲ್ಲಿದ್ದರೆ ಅದರಲ್ಲೇ ಮುಂದುವರಿಸುತ್ತೇನೆ. ಈ ಒಂದು ಚಮಚ ನೀರನ್ನು ನೋಡದೆ ಮುಂದೆ ಹೋಗಬೇಡಿ. ಒಂದು ಪ್ಯಾಕ್‌ನಿಂದ ಇನ್ನೊಂದಕ್ಕೆ ಉಪ್ಪು ಬೇರೆ ಬೇರೆ ಇರುತ್ತದೆ. ನೀರು ಎಷ್ಟು ಸಲ ಬದಲಿಸಬೇಕು ಅಂತ ಯಾರೂ ಮೊದಲೇ ಹೇಳೋಕೆ ಆಗಲ್ಲ.

ಆಲೂಗೆಡ್ಡೆ ಹಾಕಿದರೆ ಉಪ್ಪು ಹೀರಿಕೊಳ್ಳುತ್ತೆ ಅನ್ನುವ ಮಾತಿದೆ. ನಾನೂ ನಂಬಿದ್ದೆ. ಅದು ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪು ನೀರನ್ನು ಹೀರಿಕೊಂಡು ತಾನೂ ಉಪ್ಪಾಗುತ್ತದೆ. ಆಲೂಗೆಡ್ಡೆ ಹಾಕಿ, ಚೆನ್ನಾಗಿರುತ್ತದೆ. ಆದರೆ ರುಚಿಗಾಗಿ ಹಾಕಿ.

ಬೇಯಿಸುವುದರಲ್ಲಿ ಬೇಕಾದದ್ದು ತಾಳ್ಮೆ. ವಯಸ್ಸಾದ ಕುರಿಯ ಕಾಲಿನಲ್ಲಿ ಗಟ್ಟಿ ನಾರು ಜಾಸ್ತಿ. ಅದು ಕರಗಿ ಅಂಟಂಟಾದ ಜೆಲಾಟಿನ್ ಆಗಲು ಹೊತ್ತು ಬೇಕು. ಜೋರು ಕುದಿಯಲ್ಲಿ ಮಾಂಸದ ಎಳೆಗಳು ಬಿಗಿದುಕೊಂಡು ಒಣಗುತ್ತವೆ. ಅದಕ್ಕೆ ದಪ್ಪ ತಳದ ಪಾತ್ರೆ, ಸಣ್ಣ ಉರಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಾಕು. ಒಂದು ಕೆಜಿ ತುಂಡಿಗೆ ನನಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮೂಳೆ ಹಿಡಿದು ತಿರುಗಿಸಿದರೆ ಮಾಂಸ ತಾನಾಗಿ ಬಿಡಬೇಕು. ಉರಿ ಆರಿಸಿದ ಮೇಲೂ ಅರ್ಧ ಗಂಟೆ ಅದೇ ನೀರಲ್ಲಿ ಬಿಡುತ್ತೇನೆ. ಹೊರಗೆ ತೆಗೆದು ಆರಲು ಬಿಟ್ಟ ದಿನ ತುಂಡು ಒಣಗಿತ್ತು, ನೀರಲ್ಲೇ ಬಿಟ್ಟ ದಿನ ಮೆತ್ತಗಿತ್ತು. ಕುಕ್ಕರ್‌ನಲ್ಲೂ ಆಗುತ್ತದೆ, ಆದರೆ ನೀರಿನ ರುಚಿ ನೋಡಿ ನೋಡಿ ಬೇಯಿಸುವ ಅನುಕೂಲ ಅದರಲ್ಲಿ ಇಲ್ಲ.

ಮಾಂಸ ತೆಗೆದ ಮೇಲೆ ಉಳಿಯುವ ನೀರೇ ನಿಜವಾದ ಸಂಪತ್ತು. ಇದು ಗೊತ್ತಾದ ದಿನ ನನ್ನ ಎರಡು ಸ್ಟಾರ್ ನಾಲ್ಕಾಯಿತು. ಪಾತ್ರೆಯನ್ನು ಫ್ರಿಜ್‌ನಲ್ಲಿಟ್ಟರೆ ಮೇಲೆ ಬೆಳ್ಳಗೆ ಕೊಬ್ಬು ಹೆಪ್ಪುಗಟ್ಟುತ್ತದೆ. ಚಮಚದ ಹಿಂಬದಿಯಿಂದ ತಟ್ಟಿದರೆ ಟಕ್ ಅಂತ ಒಡೆದು ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಕೆಳಗೆ ನಡುಗುವ ಜೆಲ್ಲಿ. ಆ ಜೆಲ್ಲಿಯಲ್ಲಿ ನೆನೆಸಿದ ಒಣ ಬಟಾಣಿ, ಬೀನ್ಸ್ ಕಾಳು, ಬಾರ್ಲಿ, ಎಲೆಕೋಸು, ಯಾವುದನ್ನು ಬೇಯಿಸಿದರೂ ಮಾಂಸದ ಚೂರು ಹಾಕದೆಯೇ ಊಟ ತುಂಬಿದ ಹಾಗೆ ಇರುತ್ತದೆ. ಉಪ್ಪು ಬೇರೆ ಹಾಕಬೇಡಿ. ಹಾಕಲೇಬೇಕು ಅನ್ನಿಸಿದರೆ ಇಳಿಸುವ ಮುಂಚೆ ನೋಡಿ ಹಾಕಿ. ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಬಿದ್ದರೆ ಹೊಗೆಯ ಭಾರ ಇಳಿಯುತ್ತದೆ. ಗರಂ ಮಸಾಲೆ ಮಾತ್ರ ಬೇಡ. ಹೊಗೆಯ ಪರಿಮಳ ಬರುವುದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್‌ನಂಥ ಫಿನಾಲ್‌ ಎಂಬ ಘಾಟಿನ ರಾಸಾಯನಿಕಗಳಿಂದ. ಲವಂಗ ಚಕ್ಕೆಗಳ ಘಾಟು ಜೊತೆಗೆ ಸೇರಿದರೆ ಎರಡೂ ಕೆಡುತ್ತವೆ. ಕರಿಮೆಣಸು, ಬೆಳ್ಳುಳ್ಳಿ, ಈರುಳ್ಳಿ ಸಾಕು.

ಬಿಸಿಯಾಗಿ ಬಡಿಸಿ. ಕುರಿ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ತಟ್ಟೆ ಆರುತ್ತಿದ್ದಂತೆ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ. ಕುರಿ ವಾಸನೆ ಆಗಲ್ಲ ಅನ್ನುವವರು ಕೊಬ್ಬನ್ನು ತೆಗೆದು ನೋಡಿ. ಆ ವಾಸನೆ ಕೊಡುವ ಕೊಬ್ಬಿನಾಮ್ಲಗಳು ಇರುವುದು ಕೊಬ್ಬಿನಲ್ಲೇ.

ಪೋಷಣೆಯ ಬಗ್ಗೆ ಕೇಳುವವರು ತುಂಬ ಜನ. ಪ್ಯಾಕ್ ಪ್ರಕಾರ 100 ಗ್ರಾಂನಲ್ಲಿ ಪ್ರೋಟೀನ್ 22 ಗ್ರಾಂ, ಕೊಬ್ಬು 15 ಗ್ರಾಂ. ಗ್ರಾಂ ಪ್ರೋಟೀನಿಗೆ 4, ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ 223 ಕ್ಯಾಲೊರಿ. ಹಸಿ ಮಾಂಸಕ್ಕಿಂತ ಪ್ರೋಟೀನ್ ಸ್ವಲ್ಪ ಜಾಸ್ತಿ ಕಂಡರೆ ಅದು ಹೊಗೆಯ ಮಹಿಮೆ ಅಲ್ಲ. ನೀರು ಕಡಿಮೆಯಾಗಿದೆ, ಉಳಿದದ್ದು ಒತ್ತಾಗಿದೆ, ಅಷ್ಟೇ. ಕಬ್ಬಿಣ, ಸತು, ಬಿ12 ಕುರಿ ಮಾಂಸದಲ್ಲಿ ಚೆನ್ನಾಗಿವೆ. ಮಾಂಸದ ಕಬ್ಬಿಣ ಕಾಳು ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಇನ್ನೊಂದು ಒಳ್ಳೆಯ ಸಂಗತಿ, ಕಾಳಿನ ಜೊತೆ ಸ್ವಲ್ಪ ಮಾಂಸ ಬಿದ್ದರೆ ಕಾಳಿನ ಕಬ್ಬಿಣವನ್ನೂ ದೇಹ ಜಾಸ್ತಿ ಹೀರಿಕೊಳ್ಳುತ್ತದೆ. ನೆನೆಸಿದ ನೀರು ಚೆಲ್ಲುವಾಗ ನೀರಲ್ಲಿ ಕರಗುವ ಬಿ ವಿಟಮಿನ್‌ಗಳು ಒಂದಿಷ್ಟು ಹೋಗುತ್ತವೆ. ಹೋಗಲಿ ಬಿಡಿ, ಉಪ್ಪು ಹೋಗುವುದೇ ಮುಖ್ಯ.

ಆದರೆ ಇದನ್ನು ಹಸಿ ಮಾಂಸದ ಬದಲಿಗೆ ವಾರವಾರ ತಿನ್ನಬಹುದಾ ಅಂದರೆ, ಬೇಡ. ಉಪ್ಪು ಹಾಕಿ, ಹೊಗೆ ಕೊಟ್ಟು ಇಟ್ಟ ಮಾಂಸ ಸಂಸ್ಕರಿಸಿದ ಮಾಂಸದ ಗುಂಪಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇಂಥ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅವರ ಅಂದಾಜು. ಹೊಗೆಯಿಂದ ಬೆಂಜೋಪೈರೀನ್‌ನಂಥ ಕೆಟ್ಟ ವಸ್ತುಗಳೂ ಮಾಂಸದ ಮೇಲೆ ಕೂರುತ್ತವೆ. ಯುರೋಪಿಯನ್ ಒಕ್ಕೂಟ ಹೊಗೆ ಕೊಟ್ಟ ಮಾಂಸದಲ್ಲಿ ಇದರ ಮಿತಿಯನ್ನು 2014ರ ಸೆಪ್ಟೆಂಬರಿನಿಂದ ಕೆಜಿಗೆ 5 ಮೈಕ್ರೋಗ್ರಾಂನಿಂದ 2ಕ್ಕೆ ಇಳಿಸಿತು. ಇವು ಹೊರಪದರದಲ್ಲೇ ಜಾಸ್ತಿ ಇರುತ್ತವೆ. ನಾನು ಮೇಲ್ಪದರ ಹೆರೆಯುವುದು ಅದಕ್ಕೇ. ಬಾಣಲೆಯಲ್ಲಿ ಕಪ್ಪಾಗುವಷ್ಟು ಹುರಿಯುವುದನ್ನೂ ಬಿಟ್ಟೆ. ನೈಟ್ರೈಟ್ ಇರುವ ಮಾಂಸವನ್ನು ಜೋರು ಉರಿಯಲ್ಲಿ ಹುರಿದರೆ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳು ಹುಟ್ಟುತ್ತವೆ. ನೀರಲ್ಲಿ ಬೇಯಿಸುವುದೇ ರುಚಿಗೂ ಒಳ್ಳೆಯದು, ಮೈಗೂ ಒಳ್ಳೆಯದು.

ಹೀಗಾಗಿ ಈ ಮಾಂಸವನ್ನು ನಾನು ರುಚಿಗೆ ಹಾಕುವ ಪದಾರ್ಥದ ಹಾಗೆ ಬಳಸುತ್ತೇನೆ. ದೊಡ್ಡ ಪಾತ್ರೆ ಕಾಳಿಗೆ ತಲೆಗೆ 30–40 ಗ್ರಾಂ ಲೆಕ್ಕದಲ್ಲಿ ಎಳೆ ಎಳೆಯಾಗಿ ಬಿಡಿಸಿ ಹಾಕುತ್ತೇನೆ. ಅಪ್ಪನಿಗೆ ಬಡಿಸುವಾಗ "ಅಪ್ಪಾ, ನಿಮಗೆ ಕಾಳು ಜಾಸ್ತಿ, ಮಾಂಸ ಎರಡೇ ಎಳೆ" ಅನ್ನುತ್ತೇನೆ. "ಎರಡನ್ನ ಮೂರು ಮಾಡೋ" ಅನ್ನುತ್ತಾರೆ. ಡಾಕ್ಟರ್ ಹತ್ತಿರ ಕೇಳಿಯೇ ಈ ಎರಡು ಎಳೆ. ಕಿಡ್ನಿ ತೊಂದರೆ, ಹೃದಯದ ತೊಂದರೆ ಇರುವವರು ನೀವೂ ಮೊದಲು ಕೇಳಿ. ಗರ್ಭಿಣಿಯರು ಕೋಲ್ಡ್ ಸ್ಮೋಕ್ ಮಾಡಿದ ಬಿಲ್ಲೆಗಳನ್ನು ಹಾಗೇ ತಿನ್ನಬಾರದು. ಅದರಲ್ಲಿ ಲಿಸ್ಟೀರಿಯಾ ಇರಬಹುದು. ಅದು ಫ್ರಿಜ್‌ನ ತಣ್ಣಗೂ ಬಗ್ಗದೆ ಬೆಳೆಯುವ, ಹೊಟ್ಟೆಯೊಳಗಿನ ಮಗುವಿಗೂ ಅಪಾಯ ತರುವ ಬ್ಯಾಕ್ಟೀರಿಯಾ. ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು.

ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ಕಳೆದ ವರ್ಷ ಬಂದ ಒಂದು ಪ್ಯಾಕ್ ಬಲೂನಿನ ಹಾಗೆ ಉಬ್ಬಿತ್ತು. ಮಾರಿದವರಿಗೆ ಫೋನ್ ಮಾಡಿದರೆ "ಗ್ಯಾಸ್ ತುಂಬಿರುತ್ತೆ ಸರ್, ತೊಳೆದು ಬೇಯಿಸಿ" ಅಂದರು. ತುಂಬ ಬೇಜಾರಾಯಿತು. ಗಾಳಿ ತೆಗೆದು ಪ್ಯಾಕ್ ಮಾಡಿದ್ದು ಉಬ್ಬಿದರೆ ಒಳಗೆ ಏನೋ ಬೆಳೆಯುತ್ತಿದೆ ಅಂತ ಅರ್ಥ. ಬಿಚ್ಚದೆ ಹಾಗೇ ಎಸೆದೆ. ಗಾಳಿ ಇಲ್ಲದ ಜಾಗ ಬಾಟ್ಯುಲಿಸಂ ಅನ್ನುವ, ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಉಪ್ಪು, ನೈಟ್ರೈಟ್, ತಂಪು ಮೂರೂ ಸೇರಿ ಅದನ್ನು ತಡೆಯುತ್ತವೆ. ದಾರಿಯಲ್ಲಿ ತಂಪು ತಪ್ಪಿದರೆ ಒಂದು ಕಾವಲು ಹೋದ ಹಾಗೆ. ಆಮೇಲಿಂದ ಐಸ್ ಪ್ಯಾಕ್ ಜೊತೆ ಕಳಿಸುವವರಿಂದಲೇ ತರಿಸುತ್ತೇನೆ. ಕೈಗೆ ತಣ್ಣಗೆ ತಾಗದಿದ್ದರೆ ವಾಪಸ್ ಕಳಿಸುತ್ತೇನೆ. ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ಕೆಳಗೆ ಇಡುತ್ತೇನೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇಡುವುದೂ ಬೇಡ. ಉಪ್ಪಿರುವ ಕೊಬ್ಬು ಅಲ್ಲೂ ಬೇಗ ಮುಗ್ಗಲಾಗುತ್ತದೆ. ಆರು ತಿಂಗಳು ಇಟ್ಟ ತುಂಡೊಂದು ಹಳೇ ಎಣ್ಣೆಯ ವಾಸನೆ ಬಂದು ಹಾಳಾಯಿತು.

ಕೊಳ್ಳುವಾಗ ಇನ್ನೊಂದು ನೋಡಿ. ಪದಾರ್ಥಗಳ ಪಟ್ಟಿಯಲ್ಲಿ "ಹೊಗೆಯ ಫ್ಲೇವರ್" ಅಂತ ಇದ್ದರೆ ಅದಕ್ಕೆ ಹೊಗೆಯ ರುಚಿ ಬಂದದ್ದು ಬಾಟಲಿಯಿಂದ. ಯುರೋಪಿಯನ್ ಒಕ್ಕೂಟ 2024ರಲ್ಲಿ ಎಂಟು ಹೊಗೆ ಫ್ಲೇವರ್‌ಗಳ ಪರವಾನಗಿ ಮುಂದುವರಿಸದೆ ಬಿಟ್ಟಿತು, ಸುರಕ್ಷತೆಯ ಅನುಮಾನದಿಂದ. ರುಚಿಯಲ್ಲೂ ಗೊತ್ತಾಗುತ್ತದೆ. ನಾನು ತಂದ ಅಂಥ ಪ್ಯಾಕ್‌ನಲ್ಲಿ ಮೊದಲ ತುತ್ತಿಗೆ ಹೊಗೆ ಮೂಗಿಗೆ ಹೊಡೆಯಿತು, ನೀರಲ್ಲಿ ಬೆಂದ ಮೇಲೆ ಏನೂ ಉಳಿಯಲಿಲ್ಲ. ಸುಮ್ನೆ ಉಪ್ಪುಪ್ಪು. "ಮಟನ್" ಅಂತಷ್ಟೇ ಬರೆದಿದ್ದರೆ ಕುರಿಯೋ ಮೇಕೆಯೋ ಕೇಳಿಕೊಳ್ಳಿ. ಮೇಕೆಯಲ್ಲಿ ಕೊಬ್ಬು ಕಡಿಮೆ, ಹೊಗೆ ಕೊಟ್ಟರೆ ಬೇಗ ಬಿರುಸಾಗುತ್ತದೆ.

ಬಿಲ್ಲೆಗಳಿಗಿಂತ ಮುಂಗಾಲು ಮೇಲು ಅಂದೆನಲ್ಲ, ಕಾರಣ ಆ ಜೆಲ್ಲಿಯೇ. ಬಿಲ್ಲೆ ಒಂದು ಹೊತ್ತಿಗೆ ಮುಗಿಯುತ್ತದೆ. ಮೂಳೆ ಇರುವ ತುಂಡು ಮೊದಲ ದಿನ ಮಾಂಸ ಕೊಡುತ್ತದೆ, ಮಾರನೇ ದಿನ ಸಾರು. ಉಳಿದ ಬೋಳು ಮೂಳೆಯನ್ನು ಮೂರನೇ ದಿನ ಬಟಾಣಿಯ ಜೊತೆ ಮತ್ತೆ ಬೇಯಲು ಹಾಕಿದರೂ ಅಡುಗೆಮನೆ ತುಂಬ ಹೊಗೆಯ ಪರಿಮಳ ಬರುತ್ತದೆ. ಇವತ್ತು ರಾತ್ರಿ ಇನ್ನೊಂದು ತುಂಡು ನೆನೆಹಾಕಿದ್ದೇನೆ. ಎರಡನೇ ನೀರು ಈಗಷ್ಟೇ ಬದಲಿಸಿ ಬಂದೆ.