ಸಂಬಳದ ಕೆಲಸ ಸಿಕ್ಕ ಮೇಲೆ ಜಿಎಸ್‌ಟಿ ನೋಂದಣಿ: ಉಳಿಸುವುದೋ, ರದ್ದುಪಡಿಸುವುದೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದು, ಈಗ ಸಂಬಳದ ಕೆಲಸಕ್ಕೆ ಸೇರುತ್ತಿರುವ ನಿಮಗೆ ನೋಂದಣಿಯನ್ನು ಬೇಕೆಂದಾಗ ತಡೆಹಿಡಿದು ಮತ್ತೆ ಚಾಲ್ತಿಗೆ ತರುವ ಅವಕಾಶವಿಲ್ಲ.

ಉಳಿಸಿಕೊಳ್ಳಲು ಶುಲ್ಕವಿಲ್ಲ, ಆದರೆ ವಹಿವಾಟು ಇಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸುತ್ತಲೇ ಇರಬೇಕು. ಮರೆತರೆ ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ರಿಟರ್ನಿಗೆ ದಿನಕ್ಕೆ 20 ರೂಪಾಯಿಯಂತೆ, ಪ್ರತಿ ರಿಟರ್ನಿಗೆ ಗರಿಷ್ಠ 500 ರೂಪಾಯಿವರೆಗೆ ವಿಳಂಬ ಶುಲ್ಕ ಬೀಳುತ್ತದೆ. ಎಸ್‌ಎಂಎಸ್ ಮೂಲಕವೂ ಕಳಿಸಬಹುದಾದ್ದರಿಂದ ಶ್ರಮ ಅಲ್ಪ, ನೆನಪಿಡುವುದೇ ಕಷ್ಟ.

ರದ್ದತಿಗೆ ಆರ್‌ಇಜಿ-16 ಅರ್ಜಿ ಹಾಕಿ, ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಬೇಕು. ಗೋದಾಮಿನಲ್ಲಿ ಸೀರೆಯ ಗಂಟುಗಳು ಉಳಿದಿದ್ದರೆ ಅವುಗಳ ಮೇಲೆ ಪಡೆದ ತೆರಿಗೆ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ವಜಾ) ಹಿಂದಿರುಗಿಸಬೇಕಾಗುವುದರಿಂದ, ನನ್ನ ಮಟ್ಟಿಗೆ ಇದೇ ನಿಜವಾದ ಖರ್ಚು. ಮುಂದೆ ಅಂಗಡಿ ತೆರೆದರೆ ಹೊಸದಾಗಿಯೇ ನೋಂದಾಯಿಸಬೇಕು.

ಪ್ರೊಬೇಷನ್ ಮುಗಿಯದೆ, ದಾಸ್ತಾನೂ ಇರುವವರು ಉಳಿಸಿಕೊಳ್ಳುವುದು ಲೇಸು. ಅಂಗಡಿ ಖಾಲಿಯಾಗಿ ಮರಳುವ ಯೋಚನೆಯಿಲ್ಲದವರಿಗೂ, ನಡತೆ ನಿಯಮಗಳು ಖಾಸಗಿ ವ್ಯಾಪಾರವನ್ನು ನಿರ್ಬಂಧಿಸುವ ಸರ್ಕಾರಿ ನೌಕರಿಗೆ ಸೇರುವವರಿಗೂ ರದ್ದತಿಯೇ ಸೂಕ್ತ.